ಎಡಗೈ ಸಾರ್ಜೆಂಟ್

ಈ ಸಲದ ಸಂಚಿಕೆಗೆ ಒಬ್ಬೊಬ್ಬರೂ ಒಬ್ಬ ಪ್ರಸಿದ್ಧ ವ್ಯಕ್ತಿಯ ಜೀವನ ಬರೆದುಕೊಡಬೇಕು ಅಂತ ನಮ್ಮ ಬಳಗದಲ್ಲಿ ತೀರ್ಮಾನವಾಯಿತು. ಗೆಳೆಯರು ಕವಿಗಳನ್ನೂ ದಾಸರನ್ನೂ ಸ್ವಾತಂತ್ರ್ಯ ಹೋರಾಟಗಾರರನ್ನೂ ಆಗಲೇ ಹಂಚಿಕೊಂಡುಬಿಟ್ಟಿದ್ದರು. ನಾನು ಕೇಳಿ ತೆಗೆದುಕೊಂಡದ್ದು ಹಂಗೇರಿ ದೇಶದ ಒಬ್ಬ ಸಿಪಾಯಿಯನ್ನು. ಸಾಹಿತ್ಯ ಬಳಗಕ್ಕೂ ಪಿಸ್ತೂಲಿಗೂ ಎತ್ತಣ ಸಂಬಂಧ ಎಂದು ಕೆಲವರು ನಕ್ಕರು. ನಗಲಿ. ಸಂಬಂಧ ಇದೆಯೋ ಇಲ್ಲವೋ ಓದಿದ ಮೇಲೆ ಹೇಳಿ.

ಆತನ ಹೆಸರು ಕಾರೋಯ್ ಟಕಾಚ್. ನಾನು ಎನ್.ಸಿ.ಸಿ. ಕ್ಯಾಂಪಿಗೆ ಹೋದಾಗ, ಪಾಯಿಂಟ್ ಟೂ ಟೂ ರೈಫಲಿನಲ್ಲಿ ಐದೇ ಐದು ಗುಂಡು ಹೊಡೆಯಲು ಕೊಟ್ಟಾಗ, ಅವನ ಕಥೆ ಮೊದಲು ಕೇಳಿದ್ದು. ಹೊಟ್ಟೆಯ ಮೇಲೆ ಮಲಗಿ, ಎರಡು ಕೈಯಲ್ಲಿ ಹಿಡಿದು, ಇಪ್ಪತ್ತೈದು ಮೀಟರ್ ದೂರದ ಕಾಗದಕ್ಕೆ ನಿಧಾನವಾಗಿ ಹೊಡೆದ ನನ್ನ ಐದು ಗುಂಡುಗಳು ಐದು ದಿಕ್ಕಿಗೆ ಹೋದವು. ಆಗ ಕಲಿಸುವ ಹವಾಲ್ದಾರರು ಈ ಮನುಷ್ಯನ ವಿಷಯ ತೆಗೆದರು. ಕೈಬಾಂಬು ಸಿಡಿದು ಬಲಗೈ ಹೋಯಿತು, ಎಡಗೈಯಲ್ಲಿ ಕಲಿತ, ಒಲಿಂಪಿಕ್ಸಿನಲ್ಲಿ ಎರಡು ಚಿನ್ನ ಗೆದ್ದ, ಇಷ್ಟೇ ಕಥೆ. ಎಲ್ಲರೂ ಹೇಳುವುದೂ ಇಷ್ಟೇ. ಮನಸ್ಸಿದ್ದರೆ ಮಾರ್ಗ ಎಂಬ ನೀತಿಗೆ ಒಳ್ಳೆಯ ಉದಾಹರಣೆ ಅಂತ ಗೋಡೆಗೆ ಅಂಟಿಸಿಬಿಡುತ್ತಾರೆ. ಆದರೆ ಆಮೇಲೆ ಅವನ ಜೀವನದ ಇಸವಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದಾಗ, ಬಾಂಬಿಗಿಂತ ಮೊದಲೇ ಇನ್ನೇನೋ ನಡೆದಿತ್ತು ಎಂಬುದು ಗೊತ್ತಾಯಿತು. ನನಗೆ ಮುಖ್ಯವೆಂದು ಕಂಡದ್ದು ಅದು.

ಟಕಾಚ್ ಹುಟ್ಟಿದ್ದು 1910ನೇ ಇಸವಿ ಜನವರಿ 21ರಂದು, ಬುಡಾಪೆಸ್ಟ್ ನಗರದಲ್ಲಿ. ಡ್ಯಾನ್ಯೂಬ್ ನದಿಯ ಎರಡು ದಂಡೆಯ ಮೇಲೆ ಹರಡಿದ ಊರು ಅದು. ಒಂದು ಕಡೆ ಬುಡಾ, ಇನ್ನೊಂದು ಕಡೆ ಪೆಸ್ಟ್. ಆತ ಹಂಗೇರಿಯ ಸೈನ್ಯ ಸೇರಿದ. ಅಲ್ಲಿ ಪಿಸ್ತೂಲು ಕೈಗೆ ಬಂತು, ಕೈ ಪಿಸ್ತೂಲಿಗೆ ಒಗ್ಗಿತು. 1936ರ ಹೊತ್ತಿಗೆ, ಅಂದರೆ ಇಪ್ಪತ್ತಾರು ವರ್ಷಕ್ಕೆ, ಜಗತ್ತಿನ ಒಳ್ಳೆಯ ಪಿಸ್ತೂಲು ಗುರಿಕಾರರಲ್ಲಿ ಅವನೂ ಒಬ್ಬ ಎನ್ನುವಷ್ಟು ಬೆಳೆದಿದ್ದ.

ಅವನ ಸ್ಪರ್ಧೆ ಯಾವುದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಇದಕ್ಕೆ ರ್‍ಯಾಪಿಡ್ ಫೈರ್ ಪಿಸ್ತೂಲು ಅನ್ನುತ್ತಾರೆ. ಇಪ್ಪತ್ತೈದು ಮೀಟರ್ ದೂರದಲ್ಲಿ ಐದು ಗುರಿಗಳು ಸಾಲಾಗಿ ನಿಂತಿರುತ್ತವೆ. ಗುರಿಕಾರ ತೋಳನ್ನು ಓರೆಯಾಗಿ ಕೆಳಗೆ ಇಳಿಸಿಕೊಂಡು ಕಾಯಬೇಕು. ಸೂಚನೆ ಬಂದ ಕೂಡಲೇ ತೋಳೆತ್ತಿ ಐದು ಗುರಿಗೂ ಒಂದೊಂದು ಗುಂಡು ಹೊಡೆಯಬೇಕು. ಈಗಿನ ನಿಯಮದಂತೆ ಮೊದಲು ಎಂಟು ಸೆಕೆಂಡಿನಲ್ಲಿ, ಆಮೇಲೆ ಆರು ಸೆಕೆಂಡಿನಲ್ಲಿ, ಕೊನೆಗೆ ನಾಲ್ಕೇ ಸೆಕೆಂಡಿನಲ್ಲಿ! ಒಟ್ಟು ಅರವತ್ತು ಗುಂಡು, ಗುಂಡಿಗೆ ಹತ್ತರಂತೆ ಆರುನೂರು ಅಂಕ. ನಾಲ್ಕು ಸೆಕೆಂಡು ಅಂದರೆ ಎಷ್ಟು? ಡೊಂಬಿವಲಿ ಸ್ಟೇಷನ್ನಿನಲ್ಲಿ ಬೆಳಗಿನ ಫಾಸ್ಟ್ ಲೋಕಲ್ ಬಂದಾಗ ಒಂದು ಕಾಲು ಫುಟ್‌ಬೋರ್ಡಿನ ಮೇಲಿಟ್ಟು ಇನ್ನೊಂದು ಕಾಲಿಗೆ ಜಾಗ ಹುಡುಕುವಷ್ಟು ಹೊತ್ತು. ಅಷ್ಟರಲ್ಲಿ ಐದು ಗುಂಡು, ಐದು ಬೇರೆ ಬೇರೆ ಗುರಿ. ಯೋಚನೆ ಮಾಡುವುದಕ್ಕೆ ಪುರುಸೊತ್ತೇ ಇಲ್ಲ.

1936ರಲ್ಲಿ ಬರ್ಲಿನ್ನಿನಲ್ಲಿ ಒಲಿಂಪಿಕ್ಸ್ ನಡೆಯಿತು. ಟಕಾಚ್ ಹೋಗಬೇಕಿತ್ತು. ಹೋಗಲಿಲ್ಲ. ಗುರಿ ತಪ್ಪಿತು ಅಂತಲ್ಲ, ಕಾಯಿಲೆ ಬಿದ್ದ ಅಂತಲೂ ಅಲ್ಲ. ಆತ ಸಾರ್ಜೆಂಟ್ ಆಗಿದ್ದ, ಅದೇ ಕಾರಣ. ಹಂಗೇರಿ ಸೈನ್ಯದ ತಂಡದಲ್ಲಿ ಕಮಿಷನ್ ಪಡೆದ ಅಧಿಕಾರಿಗಳಿಗೆ ಮಾತ್ರ ಜಾಗ ಎಂಬ ನಿಯಮವಿತ್ತು. ಸಾರ್ಜೆಂಟ್ ಅಂದರೆ ನಮ್ಮ ಸೈನ್ಯದ ಹವಾಲ್ದಾರನ ದರ್ಜೆ ಅನ್ನಬಹುದು. ಹೊಸದಾಗಿ ಬಂದ ಹುಡುಗರಿಗೆ ಬಂದೂಕು ಹಿಡಿಯಲು, ಹೆಜ್ಜೆ ಹಾಕಲು ಕಲಿಸುವವನು ಅವನು. ಕಲಿಸುವುದಕ್ಕೆ ಅವನು ಬೇಕು, ದೇಶದ ಹೆಸರಿನಲ್ಲಿ ಹೋಗಿ ನಿಲ್ಲುವುದಕ್ಕೆ ಬೇಡ! ಗುರಿಹಲಗೆಗೆ ಗುಂಡು ಹೊಡೆದವನ ತೋಳಿನ ಪಟ್ಟಿ ಕಾಣಿಸುವುದಿಲ್ಲ. ಆದರೆ ಹೆಸರು ಆರಿಸುವವರಿಗೆ ಕಾಣಿಸಿದ್ದು ಅದೊಂದೇ.

ಇದು ಹಂಗೇರಿಯ ಒಂದು ದೇಶದ ಹುಚ್ಚು ಎಂದು ತಿಳಿಯಬೇಡಿ. ಆ ಕಾಲದ ಯುರೋಪಿನಲ್ಲಿ ಈ ಭೇದ ಎಷ್ಟು ಬೇರೂರಿತ್ತು ಎಂಬುದಕ್ಕೆ ಇನ್ನೊಂದು ಸಂಗತಿ ಇದೆ. ಒಲಿಂಪಿಕ್ಸಿನ ಕುದುರೆ ಸವಾರಿಯ ಸ್ಪರ್ಧೆಗಳಲ್ಲಿ ಸೈನ್ಯದವರ ಪೈಕಿ ಅಧಿಕಾರಿಗಳು ಮಾತ್ರ ಭಾಗವಹಿಸಬಹುದು ಎಂಬ ನಿಯಮ ಅಂತರರಾಷ್ಟ್ರೀಯ ಮಟ್ಟದಲ್ಲೇ ಇತ್ತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವೀಡನ್ ದೇಶದ ಡ್ರೆಸಾಜ್ ತಂಡ ಚಿನ್ನ ಗೆದ್ದಿತು. ಆ ತಂಡದಲ್ಲಿ ಗೆಹ್ನಾಲ್ ಪೆರ್ಸನ್ ಎಂಬ ಸಾರ್ಜೆಂಟ್ ಇದ್ದ. ಕ್ರೀಡಾಕೂಟಕ್ಕೆ ಮುಂಚೆ ಅವನಿಗೆ ಬಡ್ತಿ ಕೊಟ್ಟು ಅಧಿಕಾರಿ ಮಾಡಿದ್ದರು, ಮುಗಿದ ಮೇಲೆ ಮತ್ತೆ ಸಾರ್ಜೆಂಟ್ ಮಾಡಿಬಿಟ್ಟರು. ಇದು ಹೊರಬಿದ್ದು, 1949ರಲ್ಲಿ ಇಡೀ ತಂಡದ ಪದಕವನ್ನೇ ಕಿತ್ತುಕೊಂಡು ಫ್ರಾನ್ಸಿಗೆ ಕೊಟ್ಟರು. ಆಮೇಲೆ ನಿಯಮ ಬದಲಾಯಿತು. 1952ರಲ್ಲಿ ಅದೇ ಪೆರ್ಸನ್ ಇದ್ದ ತಂಡ ಮತ್ತೆ ಚಿನ್ನ ಗೆದ್ದಿತು, 1956ರಲ್ಲೂ ಗೆದ್ದಿತು. ಅಂದಮೇಲೆ ಅವನ ಸವಾರಿಯಲ್ಲಿ ಏನು ಕೊರತೆ ಇತ್ತು? ಏನೂ ಇರಲಿಲ್ಲ.

ಟಕಾಚನ ವಿಷಯಕ್ಕೆ ಬರೋಣ. ಬರ್ಲಿನ್ ಮುಗಿದ ಮೇಲೆ ಹಂಗೇರಿಯಲ್ಲಿ ಆ ನಿಯಮ ತೆಗೆದುಹಾಕಿದರು. ಬಾಗಿಲು ತೆರೆಯಿತು. ಮುಂದಿನ ಒಲಿಂಪಿಕ್ಸ್ 1940ರಲ್ಲಿ ಟೋಕಿಯೋದಲ್ಲಿ ಎಂದು ನಿಶ್ಚಯವಾಗಿತ್ತು. ಆಗ ಅವನಿಗೆ ಮೂವತ್ತು ವರ್ಷ. ಗುರಿಕಾರನಿಗೆ ಅದೊಂದು ವಯಸ್ಸೇ ಅಲ್ಲ. ಆತ ಕಾಯುತ್ತ ಅಭ್ಯಾಸ ಮುಂದುವರಿಸಿದ.

1938ರಲ್ಲಿ ಸೈನ್ಯದ ತರಬೇತಿ ನಡೆಯುತ್ತಿದ್ದಾಗ ಒಂದು ಕೆಟ್ಟ ಕೈಬಾಂಬು ಅವನ ಬಲಗೈಯಲ್ಲೇ ಸಿಡಿಯಿತು. ಕೈ ಛಿದ್ರವಾಯಿತು. ಪಿಸ್ತೂಲು ಹಿಡಿಯುತ್ತಿದ್ದ ಕೈ ಅದೇ. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದ.

ಇಲ್ಲಿ ನಮ್ಮ ಮಹಾಭಾರತ ನೆನಪಾಗದೆ ಇರುವುದಿಲ್ಲ. ಏಕಲವ್ಯನಿಗೆ ಮೊದಲು ಹುಟ್ಟಿನ ಕಾರಣಕ್ಕೆ ಗುರುವಿನ ಬಾಗಿಲು ಮುಚ್ಚಿತು. ಆಮೇಲೆ ಬಲಗೈ ಹೆಬ್ಬೆರಳು ಹೋಯಿತು. ಟಕಾಚನಿಗೂ ಅದೇ ಕ್ರಮ. ಮೊದಲು ದರ್ಜೆ, ಆಮೇಲೆ ಕೈ. ಒಂದೇ ವ್ಯತ್ಯಾಸ. ಏಕಲವ್ಯನ ಬೆರಳನ್ನು ಕೇಳಿ ತೆಗೆದುಕೊಂಡರು, ಇವನ ಕೈಯನ್ನು ಯಾರೂ ಕೇಳಲಿಲ್ಲ, ಅದು ಆಕಸ್ಮಿಕ. ಅದೇ ಮಹಾಭಾರತದಲ್ಲಿ ಅರ್ಜುನನಿಗೆ ಸವ್ಯಸಾಚಿ ಎಂಬ ಹೆಸರಿದೆ, ಎಡಗೈಯಲ್ಲೂ ಬಾಣ ಬಿಡಬಲ್ಲವನು ಎಂದು. ಅರ್ಜುನನಿಗೆ ಎರಡು ಕೈಯೂ ಇತ್ತು, ರಾಜಕುಮಾರನೂ ಆಗಿದ್ದ. ಏಕಲವ್ಯನ ಪಾಡು ಬಂದಮೇಲೂ ಸವ್ಯಸಾಚಿಯಾಗಲು ಹೊರಟವನು ನಮ್ಮ ಈ ಸಾರ್ಜೆಂಟ್.

ಆಸ್ಪತ್ರೆಯಿಂದ ಬಂದ ಟಕಾಚ್ ಯಾರಿಗೂ ಹೇಳದೆ ಎಡಗೈಯಲ್ಲಿ ಅಭ್ಯಾಸ ಶುರುಮಾಡಿದ. ಇಲ್ಲಿ ಒಂದು ತಾಂತ್ರಿಕ ವಿಷಯ ತಿಳಿದಿರಬೇಕು. ರೈಫಲಿಗೆ ಎರಡು ಕೈ ಬೇಕೇ ಬೇಕು. ಒಂದು ಕೈ ಕೆಳಗಿನಿಂದ ಹೊರುತ್ತದೆ, ಇನ್ನೊಂದು ಟ್ರಿಗರ್ ಒತ್ತುತ್ತದೆ. ಅವನು ರೈಫಲ್ ಸ್ಪರ್ಧಿಯಾಗಿದ್ದರೆ ಅಂದೇ ಎಲ್ಲ ಮುಗಿದಿರುತ್ತಿತ್ತೋ ಏನೋ. ಆದರೆ ಒಲಿಂಪಿಕ್ಸಿನ ಪಿಸ್ತೂಲು ಒಂದೇ ಕೈಯ ಆಟ. ಎರಡೂ ಕೈ ಇರುವವನು ಸಹ ಒಂದು ಕೈಯಲ್ಲೇ ಹಿಡಿಯಬೇಕು ಅಂತ ನಿಯಮ, ಇನ್ನೊಂದು ಕೈ ಸುಮ್ಮನೆ ಪಕ್ಕದಲ್ಲಿರುತ್ತದೆ. ಒಂದು ನಿಯಮ ಅವನನ್ನು ಹೊರಗಿಟ್ಟಿತ್ತು, ಇನ್ನೊಂದು ನಿಯಮ ಅವನಿಗೆ ಜಾಗ ಉಳಿಸಿತ್ತು.

ಹಾಗಂತ ಸುಲಭ ಅಲ್ಲ. ಬಲಗೈಯವರಿಗೆ ಸಾಮಾನ್ಯವಾಗಿ ಬಲಗಣ್ಣೇ ಗುರಿ ನೋಡುವ ಕಣ್ಣು. ಪಿಸ್ತೂಲು ಎಡಗೈಗೆ ಹೋದರೆ ಕಣ್ಣು ಒಂದು ಕಡೆ, ಕೈ ಒಂದು ಕಡೆ ಆಗುತ್ತದೆ. ನಿಲ್ಲುವ ಭಂಗಿ ತಿರುವುಮುರುವಾಗುತ್ತದೆ. ಐದು ಗುರಿಗಳ ಸಾಲಿನುದ್ದಕ್ಕೂ ತೋಳು ಸಾಗುವಾಗ ಸೊಂಟ ತಿರುಗುವ ರೀತಿ ಬೇರೆಯಾಗುತ್ತದೆ. ಭುಜದ ಸ್ನಾಯು ಆ ಭಾರಕ್ಕೆ ಹೊಸದು. ಟ್ರಿಗರನ್ನು ಎಳೆಯಬಾರದು, ನಿಧಾನವಾಗಿ ಒತ್ತಬೇಕು ಎಂಬುದನ್ನು ಬಲಗೈ ತೋರುಬೆರಳು ವರ್ಷಗಟ್ಟಲೆ ಕಲಿತಿತ್ತು. ಎಡಗೈ ಬೆರಳು ಅದನ್ನು ಮೊದಲಿನಿಂದ ಕಲಿಯಬೇಕು.

ಇದನ್ನು ಓದಿದ ಮೇಲೆ ನಾನೂ ಒಂದು ಪರೀಕ್ಷೆ ಮಾಡಿ ನೋಡಿದೆ. ಪಿಸ್ತೂಲು ಎಲ್ಲಿಂದ ತರೋದು? ನಮ್ಮ ಆಯುಧ ಪೆನ್ನು. ಹತ್ತು ದಿನ ರಾತ್ರಿ ಊಟವಾದ ಮೇಲೆ ಲೆಡ್ಜರಿನ ಒಂದು ಪುಟ ಎಡಗೈಯಲ್ಲಿ ಬರೆದೆ. ಎಡಗೈಯಲ್ಲಿ ಬರೆದರೆ ಸರಸ್ವತಿಗೆ ಅವಮಾನ ಎಂದು ಅಜ್ಜಿ ಗೊಣಗುತ್ತಲೇ ಇದ್ದರು. ಮೂರಕ್ಕೂ ಎಂಟಕ್ಕೂ ವ್ಯತ್ಯಾಸ ಕಾಣಲಿಲ್ಲ. ಒಂಬತ್ತು ನಿಮಿಷದ ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಆದರೆ ಹತ್ತನೆಯ ದಿನ ಒಂದು ವಿಷಯ ಹೊಳೆಯಿತು. ಅಕ್ಷರ ಸೊಟ್ಟಗಾಗಿದ್ದರೂ ಕೂಡಿಸಿದ ಮೊತ್ತ ಎಲ್ಲೂ ತಪ್ಪಿರಲಿಲ್ಲ. ಡೆಬಿಟ್ ಕಡೆ ಹೋಗಬೇಕಾದ್ದು ಡೆಬಿಟ್ ಕಡೆಗೇ ಹೋಗಿತ್ತು. ಅಂದರೆ ಲೆಕ್ಕ ಗೊತ್ತಿರುವುದು ಕೈಗಲ್ಲ.

ಟಕಾಚನಿಗೂ ಹೀಗೇ ಆಗಿರಬೇಕು ಎಂದು ನನ್ನ ಊಹೆ. ಬಾಂಬು ತೆಗೆದುಕೊಂಡು ಹೋದದ್ದು ಕೈಯನ್ನು. ಎಲ್ಲಿ ಉಸಿರು ನಿಲ್ಲಿಸಬೇಕು, ಮೊದಲನೇ ಗುಂಡಿಗೆ ಎಷ್ಟು ಹೊತ್ತು ಕೊಡಬೇಕು, ಮಿಕ್ಕ ನಾಲ್ಕಕ್ಕೆ ಎಷ್ಟು ಉಳಿಸಬೇಕು, ಒಂದು ಗುಂಡು ಕೆಟ್ಟರೆ ಅದನ್ನು ಮರೆತು ಮುಂದಿನದನ್ನು ಹೇಗೆ ಹೊಡೆಯಬೇಕು, ಇದೆಲ್ಲ ಅವನೊಳಗೆ ಹಾಗೇ ಇತ್ತು. ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಹೇಳುವುದಾದರೆ ಯಂತ್ರ ಸುಟ್ಟುಹೋಯಿತು, ಗುಡ್‌ವಿಲ್ ಉಳಿಯಿತು.

ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಬೇರೆ ರೀತಿಯಲ್ಲಿ ಗೊತ್ತಿದೆ. ಹತ್ತನೇ ಕ್ಲಾಸಿನವರೆಗೆ ಬಡ್ಡಿ, ಶೇಕಡಾ, ಲಾಭ-ನಷ್ಟ ಎಲ್ಲ ಕನ್ನಡದಲ್ಲಿ ಕಲಿತು ಹನ್ನೊಂದನೇ ಕ್ಲಾಸಿಗೆ ಬಂದು ಕೂತಾಗ ಒಂದೇ ದಿನದಲ್ಲಿ ಎಲ್ಲವೂ ಇಂಗ್ಲಿಷ್ ಆಗಿಬಿಡುತ್ತದೆ. ಆ ವರ್ಷವೆಲ್ಲ ನಾನು ಎಡಗೈಯಲ್ಲೇ ಬರೆದೆ ಅನ್ನಬಹುದು. ಉತ್ತರ ತಲೆಯಲ್ಲಿ ಇರುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಬಾರದವನು ದಡ್ಡ ಎಂದು ಪಕ್ಕದ ಬೆಂಚಿನವರು ತಿಳಿಯುತ್ತಿದ್ದರು. ಕೈ ಬದಲಾಗಿದೆ, ತಲೆ ಬದಲಾಗಿಲ್ಲ ಎಂದು ಅವರಿಗೆ ಹೇಳುವುದಕ್ಕೂ ಇಂಗ್ಲಿಷೇ ಬೇಕಿತ್ತು! ಇರಲಿ, ನನ್ನ ಪುರಾಣ ಸಾಕು.

1939ರ ವಸಂತಕಾಲ. ಹಂಗೇರಿಯ ರಾಷ್ಟ್ರೀಯ ಪಿಸ್ತೂಲು ಸ್ಪರ್ಧೆ. ಟಕಾಚ್ ಅಲ್ಲಿ ಕಾಣಿಸಿಕೊಂಡಾಗ ಹಳೆಯ ಜೊತೆಗಾರರೆಲ್ಲ ಬಂದು ಕೈಗಾದ ಗತಿಗೆ ಮರುಕ ತೋರಿಸಿದರಂತೆ, ನೋಡಲು ಬಂದದ್ದಕ್ಕೆ ಸಂತೋಷಪಟ್ಟರಂತೆ. ಆತ ತಾನು ನೋಡಲು ಬಂದದ್ದಲ್ಲ, ಸ್ಪರ್ಧಿಸಲು ಬಂದದ್ದು ಎಂದು ತಿಳಿಸಿದ. ಸ್ಪರ್ಧಿಸಿದ. ಗೆದ್ದ! ಅದೇ ವರ್ಷ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಗೆದ್ದ ಹಂಗೇರಿ ತಂಡದಲ್ಲೂ ಅವನಿದ್ದ. ಕೈ ಕಳೆದುಕೊಂಡ ಮರುವರ್ಷವೇ ಇದು.

ಅಂಗ ಊನವಾದವನು ಜಗತ್ತಿನ ಮಟ್ಟದಲ್ಲಿ ಗೆಲ್ಲುವುದು ಹಂಗೇರಿಯವರಿಗೆ ಪೂರ್ತಿ ಹೊಸದಾಗಿರಲಿಲ್ಲ. ಒಲಿವೇರ್ ಹಲಾಶಿ ಎಂಬ ಅವರ ವಾಟರ್ ಪೋಲೋ ಆಟಗಾರ ಹುಡುಗನಾಗಿದ್ದಾಗ ಟ್ರಾಮಿನ ಕೆಳಗೆ ಸಿಕ್ಕಿ ಮೊಣಕಾಲಿನ ಕೆಳಗೆ ಒಂದು ಕಾಲು ಕಳೆದುಕೊಂಡಿದ್ದ. ಆದರೂ 1928ರ ಒಲಿಂಪಿಕ್ಸಿನಲ್ಲಿ ಬೆಳ್ಳಿ, 1932 ಮತ್ತು 1936ರಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ. ಗಮನಿಸಿ, ಟಕಾಚನಿಗೆ ಎರಡು ಕೈ ಇದ್ದೂ ಹೋಗಲಾಗದ ಬರ್ಲಿನ್ನಿಗೆ ಹಲಾಶಿ ಒಂದು ಕಾಲಿಲ್ಲದೆ ಹೋಗಿ ಬಂದಿದ್ದ. ಅದಕ್ಕೇ ನಾನು ಮತ್ತೆ ಮತ್ತೆ ಹೇಳುವುದು, ಬಾಂಬಿನ ಲೆಕ್ಕವೇ ಬೇರೆ, ನಿಯಮದ ಲೆಕ್ಕವೇ ಬೇರೆ.

ಕೈ ಸಿದ್ಧವಾಯಿತು, ನಿಯಮವೂ ಹೋಗಿತ್ತು. ಆಗ ಜಗತ್ತೇ ಕೆಟ್ಟಿತು. ಜಪಾನು-ಚೀನಾ ಯುದ್ಧದ ಕಾರಣದಿಂದ 1940ರ ಒಲಿಂಪಿಕ್ಸ್ ಟೋಕಿಯೋದಿಂದ ಹೆಲ್ಸಿಂಕಿಗೆ ಹೋಯಿತು. 1939ರ ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಶುರುವಾಗಿ, ಕೊನೆಗೆ ಅಲ್ಲೂ ನಡೆಯಲಿಲ್ಲ. ಲಂಡನ್ನಿನಲ್ಲಿ ನಡೆಯಬೇಕಾಗಿದ್ದ 1944ರದ್ದೂ ರದ್ದಾಯಿತು. ಹಂಗೇರಿ ಆ ಯುದ್ಧದಲ್ಲಿ ಹಿಟ್ಲರನ ಜರ್ಮನಿಯ ಪಕ್ಷದಲ್ಲಿತ್ತು. ಇದನ್ನು ಮುಚ್ಚಿಡುವುದು ಸರಿಯಲ್ಲ. ಕೊನೆಗೆ 1944ರ ಡಿಸೆಂಬರಿನಿಂದ 1945ರ ಫೆಬ್ರವರಿಯವರೆಗೆ ಸೋವಿಯತ್ ಸೈನ್ಯ ಬುಡಾಪೆಸ್ಟಿಗೆ ಮುತ್ತಿಗೆ ಹಾಕಿತು. ಹಿಂದೆ ಸರಿಯುತ್ತಿದ್ದ ಜರ್ಮನರು ಡ್ಯಾನ್ಯೂಬಿನ ಸೇತುವೆಗಳನ್ನೆಲ್ಲ ಉರುಳಿಸಿದರು. ಬುಡಾ ಒಂದು ಕಡೆ, ಪೆಸ್ಟ್ ಒಂದು ಕಡೆಯಾಗಿ ಆ ನಗರ ನಿಜಕ್ಕೂ ಎರಡಾಯಿತು.

ಈಗ ನಾನು ಹೇಳಿದ ಇಸವಿಗಳ ಪಟ್ಟಿ ನೋಡಿ. 1936ರಲ್ಲಿ ಅವನಿಗೆ 26. 1940ರಲ್ಲಿ 30. 1944ರಲ್ಲಿ 34. 1948ರಲ್ಲಿ 38. ಮೂರು ಒಲಿಂಪಿಕ್ಸ್ ಕೈತಪ್ಪಿದವು. ಎರಡನ್ನು ಯುದ್ಧ ತಿಂದಿತು, ಅದು ಎಲ್ಲರದ್ದನ್ನೂ ತಿಂದಿತು. ಒಂದನ್ನು ನಿಯಮ ತಿಂದಿತು, ಅದು ಅವನೊಬ್ಬನಂಥವರದ್ದನ್ನು ಮಾತ್ರ ತಿಂದಿತು. ಕೈಬಾಂಬು ಎಷ್ಟು ಒಲಿಂಪಿಕ್ಸ್ ತಿಂದಿತು? ಒಂದೂ ಇಲ್ಲ.

1948ರ ಒಲಿಂಪಿಕ್ಸ್ ಲಂಡನ್ನಿನಲ್ಲಿ. ಯುದ್ಧದಿಂದ ಬಸವಳಿದ ಊರು, ರೇಷನ್ ಇನ್ನೂ ನಡೆಯುತ್ತಿತ್ತು. ನಮಗೂ ಅದು ಮರೆಯಲಾಗದ ವರ್ಷ. ಸ್ವತಂತ್ರ ಭಾರತದ ಹಾಕಿ ತಂಡ ಆಗಸ್ಟ್ 12ರಂದು ಬ್ರಿಟನ್ನನ್ನು ಅವರ ನೆಲದಲ್ಲೇ 4-0ಯಿಂದ ಸೋಲಿಸಿ ಚಿನ್ನ ತಂದಿತ್ತು. ಗುಂಡು ಹೊಡೆಯುವ ಸ್ಪರ್ಧೆಗಳು ಲಂಡನ್ನಿನಿಂದ ಸ್ವಲ್ಪ ದೂರದ ಬಿಸ್ಲಿ ಎಂಬಲ್ಲಿ ನಡೆದವು. ಆಗಿನ ವಿಶ್ವ ಚಾಂಪಿಯನ್ ಅರ್ಜೆಂಟೀನಾದ ಕಾರ್ಲೋಸ್ ಎನ್ರಿಕೆ ದಿಯಾಸ್ ಸಾಯೆನ್ಸ್ ವಾಲಿಯೆಂತೆ. ಟಕಾಚನನ್ನು ಕಂಡು ಇವನು ಇಲ್ಲೇಕೆ ಬಂದ ಎಂದು ಅವನಿಗೆ ಆಶ್ಚರ್ಯವಾಗಿ ಕೇಳಿಯೇಬಿಟ್ಟನಂತೆ. ಕಲಿಯಲು ಬಂದೆ ಎಂದು ಟಕಾಚ್ ಉತ್ತರ ಕೊಟ್ಟನಂತೆ. ಸ್ಪರ್ಧೆ ಮುಗಿದಾಗ ಟಕಾಚನದು 580 ಅಂಕ, ಹೊಸ ವಿಶ್ವದಾಖಲೆ. ಅರ್ಜೆಂಟೀನಾದವನದು 571. ಅರವತ್ತು ಗುಂಡಿನಲ್ಲಿ ಟಕಾಚ್ ಬಿಟ್ಟುಕೊಟ್ಟದ್ದು ಒಟ್ಟು ಇಪ್ಪತ್ತು ಅಂಕ, ಮೂರು ಗುಂಡಿಗೆ ಒಂದರಂತೆ. ಆಮೇಲೆ ಆ ಅರ್ಜೆಂಟೀನಾದವನು ಬಂದು, ಕಲಿತದ್ದು ಸಾಕಷ್ಟಾಯಿತು ಅಂತ ಅಭಿನಂದಿಸಿದನಂತೆ. ಸೋತವನ ಆ ದೊಡ್ಡತನ ನನಗೆ ಬಹಳ ಹಿಡಿಸಿತು.

ಕಲಿಯಲು ಬಂದೆ ಎಂಬ ಆ ಉತ್ತರವನ್ನು ಎಲ್ಲರೂ ಜಾಣತನದ ಉತ್ತರ ಅಂತ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹತ್ತು ವರ್ಷದಿಂದ ಆತ ಮಾಡುತ್ತಿದ್ದದ್ದೇ ಅದು. ಬೇರೆ ಏನು ಹೇಳಬೇಕಿತ್ತು?

ನಾಲ್ಕು ವರ್ಷದ ಮೇಲೆ, 1952ರಲ್ಲಿ ಹೆಲ್ಸಿಂಕಿ. ಆತನಿಗೆ ಈಗ ನಲವತ್ತೆರಡು. ಈ ಸಲ 579 ಅಂಕ, ಮತ್ತೆ ಚಿನ್ನ. ಈ ಸ್ಪರ್ಧೆಯಲ್ಲಿ ಒಲಿಂಪಿಕ್ಸ್ ಚಿನ್ನವನ್ನು ಎರಡನೇ ಸಲ ಗೆದ್ದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. ನನಗೆ ಇದಕ್ಕಿಂತ ಸೊಗಸಾಗಿ ಕಂಡದ್ದು ಬೆಳ್ಳಿ ಪದಕ. ಅದನ್ನು 578 ಅಂಕದಿಂದ ಗೆದ್ದವನು ಸಿಲಾರ್ಡ್ ಕುನ್, ಅದೇ ಹಂಗೇರಿಯ ಹದಿನೇಳು ವರ್ಷದ ಹುಡುಗ, ಟಕಾಚನೇ ತಯಾರು ಮಾಡಿದ ಶಿಷ್ಯ. ಗುರುವಿಗೂ ಶಿಷ್ಯನಿಗೂ ನಡುವೆ ಒಂದೇ ಅಂಕ! ಎದುರಾಳಿಯಾಗಬಲ್ಲವನಿಗೆ ವಿದ್ಯೆಯನ್ನು ಅಡಗಿಸದೆ ಕೊಟ್ಟ ಗುರು ಇವನು. ಹೆಬ್ಬೆರಳು ಕೇಳಲಿಲ್ಲ.

ಅದೇ ಹೆಲ್ಸಿಂಕಿಯಲ್ಲಿ ನಮ್ಮ ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವರು ಕುಸ್ತಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ಅದು ಮೊದಲನೇ ವೈಯಕ್ತಿಕ ಪದಕ. ಅವರ ಪ್ರಯಾಣದ ಖರ್ಚಿಗೆ ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲರು ಮನೆ ಅಡವಿಟ್ಟರು ಎಂದು ನಮ್ಮ ಕಡೆ ಹಿರಿಯರು ಇಂದಿಗೂ ಹೇಳುತ್ತಾರೆ. ಬಾಗಿಲು ಮುಚ್ಚುವವರೂ ಮನುಷ್ಯರೇ, ಮನೆ ಒತ್ತೆಯಿಟ್ಟು ಬಾಗಿಲು ತೆಗೆಯುವವರೂ ಮನುಷ್ಯರೇ.

1956ರಲ್ಲಿ ಟಕಾಚ್ ಮೆಲ್ಬೋರ್ನಿಗೂ ಹೋದ. ಆ ವರ್ಷ ಅಕ್ಟೋಬರಿನಲ್ಲಿ ಹಂಗೇರಿಯ ಜನ ಬಂಡೆದ್ದಿದ್ದರು, ನವೆಂಬರಿನಲ್ಲಿ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿ ಅದನ್ನು ಅಡಗಿಸಿದವು. ಆ ತಿಂಗಳಲ್ಲೇ ಒಲಿಂಪಿಕ್ಸ್ ಶುರು. ಆತ ಎಂಟನೇ ಸ್ಥಾನಕ್ಕೆ ಬಂದ. ವಯಸ್ಸು ನಲವತ್ತಾರು. 1958ರ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಇನ್ನೊಂದು ಬಗೆಯ ಪಿಸ್ತೂಲು ಸ್ಪರ್ಧೆಯಲ್ಲಿ ಕಂಚು ಗೆದ್ದ. ಇಡೀ ಜೀವಮಾನದಲ್ಲಿ ಹಂಗೇರಿಯ ರಾಷ್ಟ್ರೀಯ ಪ್ರಶಸ್ತಿಗಳನ್ನು 35 ಸಲ ಗೆದ್ದ. ಕಿರಿಯರಿಗೆ ಕಲಿಸಿದ. 1976ರ ಜನವರಿ 5ರಂದು, ಅರವತ್ತಾರು ತುಂಬಲು ಹದಿನಾರು ದಿನ ಇರುವಾಗ, ಹುಟ್ಟಿದ ಊರಾದ ಬುಡಾಪೆಸ್ಟಿನಲ್ಲೇ ತೀರಿಕೊಂಡ.

ಇಷ್ಟು ಅವನ ಜೀವನ. ಇನ್ನು ನನ್ನ ಎರಡು ಮಾತು.

ಬಾಂಬಿನ ಎದುರು ಮನುಷ್ಯ ಏನಾದರೂ ಮಾಡಬಹುದು. ಬಲಗೈ ಹೋದರೆ ಎಡಗೈ, ಅದು ಇಲ್ಲದಿದ್ದರೆ ಇನ್ನೊಂದು ದಾರಿ. ಕಷ್ಟ, ಆದರೆ ಅಭ್ಯಾಸಕ್ಕೆ ಅಲ್ಲಿ ಜಾಗ ಇದೆ. ನಿಯಮದ ಎದುರು ಅಭ್ಯಾಸ ಮಾಡಿ ಏನು ಪ್ರಯೋಜನ? 1936ರಲ್ಲಿ ಟಕಾಚ್ ಅರವತ್ತಕ್ಕೆ ಅರವತ್ತು ಗುಂಡನ್ನೂ ನಡುಮಧ್ಯೆ ಹೊಡೆದಿದ್ದರೂ ಆತ ಸಾರ್ಜೆಂಟೇ. ಮನಸ್ಸಿದ್ದರೆ ಮಾರ್ಗ ಎಂಬ ಗಾದೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಬೇಕಾದದ್ದು ನಿಯಮ ಬರೆದವರಿಗೆ ಮನಸ್ಸು ಬರುವುದು.

ನನ್ನ ಸೋದರಮಾವ ಹದಿನಾಲ್ಕನೇ ವಯಸ್ಸಿಗೆ ಕುಂದಾಪುರ ಕಡೆಯಿಂದ ಮುಂಬಯಿಗೆ ಬಂದವರು. ಒಂದು ಹೋಟೆಲಿನಲ್ಲಿ ಹಗಲು ಕ್ಲೀನರ್ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಎಸ್.ಎಸ್.ಸಿ. ಪಾಸಾದರು. ಲೆಕ್ಕ ಅಂದರೆ ನೀರು ಕುಡಿದಷ್ಟು ಸುಲಭ ಅವರಿಗೆ. ಗಿರಾಕಿ ಏಳುವ ಮೊದಲೇ ನಾಲ್ಕು ಟೇಬಲಿನ ಬಿಲ್ಲು ಬಾಯಲ್ಲೇ ಕೂಡಿಸಿಬಿಡುತ್ತಿದ್ದರು. ಒಂಬತ್ತು ವರ್ಷ ಅಲ್ಲಿದ್ದರೂ ಗಲ್ಲಾದ ಮೇಲೆ ಕೂರುವ ಯೋಗ ಬರಲಿಲ್ಲ. ಕ್ಲೀನರ್ ಆಗಿ ಬಂದವನು ಗಲ್ಲಾಕ್ಕೆ ಕೂರುವುದು ಆ ಮನೆಯ ಪದ್ಧತಿಯಲ್ಲಿ ಇರಲಿಲ್ಲ, ಅಷ್ಟೇ. ಈಗ ಅವರು ಡೊಂಬಿವಲಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಖಜಾಂಚಿ. ಭಾನುವಾರ ಕೂತು ಲೆಕ್ಕ ಬರೆಯುತ್ತಾರೆ. ಇಷ್ಟು ವರ್ಷದ ಆಡಿಟ್‌ನಲ್ಲಿ ಒಂದು ಪೈಸೆ ಹೆಚ್ಚುಕಡಿಮೆ ಬಂದಿಲ್ಲ. ಟಕಾಚನ ಕಥೆಯನ್ನು ನಾನು ಮೊದಲು ಓದಿ ಹೇಳಿದ್ದು ಅವರಿಗೆ. ಎಲ್ಲರೂ ಬಾಂಬಿನ ಭಾಗ ಬಂದಾಗ ಅಯ್ಯೋ ಎನ್ನುತ್ತಾರೆ. ಮಾವ ಮಾತ್ರ 1936ರ ಭಾಗ ಬಂದಾಗ ಬರೆಯುವುದನ್ನು ನಿಲ್ಲಿಸಿದರು, ಬಾಂಬಿನ ಭಾಗಕ್ಕೆ ಬಂದಾಗ ಮತ್ತೆ ಬರೆಯತೊಡಗಿದರು.

ಕಾಲ ಸ್ವಲ್ಪವಾದರೂ ಬದಲಾಗಿದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಇದೆ. 2012ರಲ್ಲಿ ಅದೇ ಲಂಡನ್ನಿನಲ್ಲಿ, ಟಕಾಚ್ ಗೆದ್ದ ಅದೇ ರ್‍ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಭಾರತಕ್ಕೆ ಬೆಳ್ಳಿ ತಂದವರು ವಿಜಯ್ ಕುಮಾರ್. ಹಿಮಾಚಲ ಪ್ರದೇಶದವರು, ಡೋಗ್ರಾ ರೆಜಿಮೆಂಟಿನವರು. ಅವರ ದರ್ಜೆ ಏನು ಗೊತ್ತೇ? ಸುಬೇದಾರ್. ಸಿಪಾಯಿಗಳ ಸಾಲಿನಿಂದ ಮೇಲೆ ಬಂದವರು, ಪೂರ್ಣ ಕಮಿಷನ್ ಪಡೆದ ಅಧಿಕಾರಿಯಲ್ಲ. 1936ರ ಹಂಗೇರಿಯ ನಿಯಮ ನಮ್ಮಲ್ಲಿ ಇದ್ದಿದ್ದರೆ ಆ ಬೆಳ್ಳಿ ಬರುತ್ತಲೇ ಇರಲಿಲ್ಲ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನ ಐವತ್ತು ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚು ಗೆದ್ದವರು ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ. ಅವರು ಸೆಂಟ್ರಲ್ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. ನಾವು ದಿನಾ ಹತ್ತಿ ಇಳಿಯುವ ಈ ಸೆಂಟ್ರಲ್ ರೈಲ್ವೆಯೇ! ಟಿ.ಸಿ.ಯನ್ನು ಕಂಡರೆ ಪಾಸ್ ಹುಡುಕುವುದಷ್ಟೇ ನಮಗೆ ಗೊತ್ತಿತ್ತು. ಕೋಟಿನೊಳಗೆ ಯಾರಿದ್ದಾರೆ ಅಂತ ನೋಡಿದವರು ಯಾರು?

ಬಳಗದ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ನೀವೂ ಎಲ್ಲಾದರೂ ಈ ಸಾರ್ಜೆಂಟನ ಕಥೆ ಹೇಳುವ ಸಂದರ್ಭ ಬಂದರೆ, ಮನೆಯಲ್ಲಿ ತಮ್ಮ ತಂಗಿಯರಿಗೋ, ಶಾಲೆಯ ಮಕ್ಕಳಿಗೋ, 1938ರಿಂದ ಶುರುಮಾಡಬೇಡಿ. 1936ರಿಂದ ಶುರುಮಾಡಿ. ಎಡಗೈ ಎಷ್ಟು ದೊಡ್ಡ ಕೆಲಸ ಮಾಡಿತು ಎಂಬುದನ್ನು ಖಂಡಿತ ಹೇಳಿ. ಜೊತೆಗೆ, ಬಲಗೈ ಗಟ್ಟಿಯಾಗಿದ್ದಾಗಲೇ ಅವನನ್ನು ಕಳಿಸಬಹುದಿತ್ತು ಎಂಬುದನ್ನೂ ಹೇಳಿ. ಕೇಳಿದ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ಎಲ್ಲೋ ಕುರ್ಚಿಯಲ್ಲಿ ಕೂತು ಹೆಸರು ಆರಿಸುವವರಾಗುತ್ತಾರೆ. ಈ ಕಥೆ ಅವರಿಗೂ ಬೇಕು.